ಕಮಾಂಡರ್ ಬಿಟ್ಟುಕೊಡದ ಪಾಳಿ

ದುಬೈಯ ಮಿರ್ದಿಫಿನ ಆ ವಿಲ್ಲಾದಿಂದ ನನಗಿಂತ ಮೊದಲು ಮೂವರು ನರ್ಸುಗಳು ಕೆಲಸ ಬಿಟ್ಟು ಹೋಗಿದ್ದರು. ಏಜೆನ್ಸಿಯವರು ಇದನ್ನು ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು ಹೋಗುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನನ್ನ ಗಂಡ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಾರೆ. ಅಂಥವಳು ಇನ್ನೊಬ್ಬರ ಸಿಟ್ಟಿಗೆ ಹೆದರಿ ಮನೆಯಲ್ಲಿ ಕೂರುವುದುಂಟೇ?

ಅದಕ್ಕೆ ಮೊದಲು ನಾನು ಅಬುಧಾಬಿಯ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಇದ್ದವಳು. ಟೂರಿಸ್ಟ್ ಕ್ಲಬ್ ಏರಿಯಾದ ಒಂದೇ ಫ್ಲ್ಯಾಟಿನಲ್ಲಿ ಮೂರು ಮನೆಯವರು ಶೇರಿಂಗ್ ಮಾಡಿಕೊಂಡು, ನಮ್ಮ ಬಂಗುಡೆ ಸಾರು ಪಕ್ಕದವರ ಸಾಂಬಾರಿನ ಜೊತೆಗೇ ಕುದಿಯುತ್ತಿದ್ದ ಕಾಲ ಅದು. ಗಂಡನಿಗೆ ಜೆಬೆಲ್ ಅಲಿಯಲ್ಲಿ ಕೆಲಸವಾದ ಮೇಲೆ ಡಿಸ್ಕವರಿ ಗಾರ್ಡನ್ಸಿಗೆ ಬಂದೆವು. ನಾನು ಆಸ್ಪತ್ರೆ ಬಿಟ್ಟು, ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ಹೋಮ್ ಕೇರ್ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಮೆಟ್ರೋ ಹತ್ತಿ ಊರಿನ ಆ ತುದಿಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಮಿರ್ದಿಫ್ ಸೇರುವಷ್ಟರಲ್ಲಿ ಉಡುಪಿಯಿಂದ ಮಂಗಳೂರಿಗೆ ಹೋಗಿ ಬಂದಷ್ಟು ಹೊತ್ತಾಗುತ್ತಿತ್ತು.

ರೋಗಿ ಒಬ್ಬ ಇಂಗ್ಲಿಷ್ ಅಮ್ಮ. ಸ್ಟ್ರೋಕ್ ಆಗಿ ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು, ಊಟ ಮೂಗಿನ ನಳಿಗೆಯಲ್ಲಿ. ಎಡಗೈ ಮಾತ್ರ ಸ್ವಲ್ಪ ಆಡುತ್ತಿತ್ತು, ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಅವರ ಮಂಚದ ಪಕ್ಕ ಒಂದು ನೆಟ್ಟನೆಯ ಮರದ ಕುರ್ಚಿ, ಕುರ್ಚಿಯ ಮೇಲೆ ಅವರ ಗಂಡ. ತೊಂಬತ್ತರ ಹತ್ತಿರದ ಮುದುಕರು. ಇಸ್ತ್ರಿಯ ಬಿಳಿ ಅಂಗಿ, ಇಸ್ತ್ರಿಯ ಪ್ಯಾಂಟು, ನುಣ್ಣಗೆ ಬೋಳಿಸಿದ ಗಡ್ಡ. ಬ್ರಿಟಿಷ್ ನೌಕಾದಳದ ಹಬೆ ಹಡಗುಗಳಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದು ಕಮಾಂಡರ್ ಹುದ್ದೆಯಲ್ಲಿ ನಿವೃತ್ತರಾದವರು ಎಂದು ಏಜೆನ್ಸಿಯವರು ಹೇಳಿದ್ದರು. ಎದುರಿಗೆ ನಾನು ಸರ್ ಎನ್ನುತ್ತಿದ್ದೆ, ಮನೆಯಲ್ಲಿ ಗಂಡನ ಹತ್ತಿರ ‘ನಮ್ಮ ಕಮಾಂಡರ್’ ಎನ್ನುತ್ತಿದ್ದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಆದರೆ ನನ್ನ ತಲೆಯಲ್ಲಿ ಉಳಿದಿರುವುದು ನಮ್ಮ ಭಾಷೆಯಲ್ಲಿ, ಹಾಗಾಗಿ ಹಾಗೆಯೇ ಬರೆಯುತ್ತೇನೆ.

ಮೊದಲ ದಿನ ನಾನು ನಗುಮುಖದಿಂದ ಒಳಗೆ ಹೋಗಿ, “ಗುಡ್ ಮಾರ್ನಿಂಗ್ ಸರ್, ನಾನು ಬಂದೆನಲ್ಲ, ನೀವಿನ್ನು ಹೋಗಿ ಮಲಗಿ” ಎಂದೆ.

ಅವರು ಕುರ್ಚಿಯಿಂದ ಅಲುಗಲಿಲ್ಲ. “ನೀವು ಏನನ್ನು ನೋಡಿದಿರಿ ಸಿಸ್ಟರ್?”

“ಎಂತ ಸರ್?”

“ಬಾಗಿಲಿನಿಂದ ಇಲ್ಲಿಗೆ ಬಂದಿರಿ. ಏನನ್ನೂ ನೋಡಲಿಲ್ಲ. ನೋಡದೆ ‘ನಾನಿದ್ದೇನೆ’ ಎನ್ನುವವರ ಕೈಗೆ ನಾನು ಏನನ್ನೂ ಕೊಡುವುದಿಲ್ಲ.”

ನನ್ನ ಮೈಯೆಲ್ಲ ಉರಿದುಹೋಯಿತು. ವೆಂಟಿಲೇಟರಿನಲ್ಲಿದ್ದವರನ್ನು ವರ್ಷಗಟ್ಟಲೆ ಸಂಭಾಳಿಸಿದವಳಿಗೆ ಈ ಮಾತೇ? ಇಡೀ ದಿನ ಅವರ ಸುತ್ತಲೇ ಓಡಾಡಿ ಕೆಲಸ ಮಾಡಿದೆ. ಅವರು ಎದ್ದದ್ದು ಬಚ್ಚಲಿಗೆ ಮತ್ತು ಊಟಕ್ಕೆ ಮಾತ್ರ. ಕೂತಲ್ಲೇ ತೂಕಡಿಸುವುದು, ತಲೆ ವಾಲಿದ ಕೂಡಲೇ ಬೆಚ್ಚಿ ಎದ್ದು ಹೆಂಡತಿಯ ನಳಿಗೆ ನೋಡುವುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಎಂದು ನನ್ನಷ್ಟಕ್ಕೇ ಬೈದುಕೊಂಡೆ.

ಸಂಜೆ ಆಫೀಸಿನಿಂದ ಬಂದ ಅವರ ಮಗಳು ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿದರು. ಐವತ್ತು ದಾಟಿದ ಹೆಂಗಸು, ಒಬ್ಬರೇ ಇರುವವರು, ತಂದೆತಾಯಿಯನ್ನು ತನ್ನ ವೀಸಾದಲ್ಲಿ ಇಟ್ಟುಕೊಂಡವರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ನೀವೂ ಬಿಟ್ಟು ಹೋಗ್ತೀರಾ?”

“ಗೊತ್ತಿಲ್ಲ ಮೇಡಂ. ನಿಮ್ಮ ಡ್ಯಾಡಿ ನನ್ನನ್ನು ನಂಬುದಿಲ್ಲವಲ್ಲ.”

“ರಾತ್ರಿ ಅವರೇ, ಹಗಲೂ ಅವರೇ. ಹೀಗೆ ಮಾಡಿದರೆ ಅವರೂ ಬೀಳುತ್ತಾರೆ. ಇಬ್ಬರನ್ನೂ ಇಲ್ಲಿ ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ, ಇಂಗ್ಲೆಂಡಿಗೆ ಕಳಿಸಬೇಕು. ಅಲ್ಲಿಯ ವೃದ್ಧಾಶ್ರಮಗಳಲ್ಲಿ ಅಮ್ಮನಂಥವರಿಗೆ ಒಂದು ಕಡೆ, ಅವರಂಥವರಿಗೆ ಇನ್ನೊಂದು ಕಡೆ. ಇಬ್ಬರನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ಯಾರೂ ಸಿಗಲಿಲ್ಲ.” ಅವರು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟರು. “ಆಮೇಲೆ ಅವರು ಒಬ್ಬರನ್ನೊಬ್ಬರು ನೋಡುವುದು ವಿಡಿಯೋ ಕಾಲ್‌ನಲ್ಲಿ.”

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, “ಖಲಾಸ್, ಬಿಟ್ಟು ಬಿಡು ಮಾರಾಯ್ತಿ. ಬೇರೆ ಪೇಷಂಟ್ ಕೊಡ್ಲಿಕ್ಕೆ ಹೇಳು. ಊರಿನ ಉಸಾಬರಿ ಎಲ್ಲ ನಿಂಗೆ ಯಾಕೆ?” ಎಂದರು. ಬುದ್ಧಿವಂತರ ಮಾತೇ. ಆದರೆ ಅಕ್ಕಿ ತೊಳೆಯುತ್ತಿರುವಾಗ ನನಗೆ ಐಸಿಯುವಿನ ನೆನಪು ಬಂತು. ಅಲ್ಲಿ ನಾನು ಡ್ಯೂಟಿ ವಹಿಸಿಕೊಳ್ಳುತ್ತಿದ್ದದ್ದು ಹೇಗೆ? ಮೇಜಿನ ಹತ್ತಿರ ನಿಂತು ಅಲ್ಲ. ಹೋಗುವ ನರ್ಸನ್ನು ಕರೆದುಕೊಂಡು ಮಂಚದ ಹತ್ತಿರ ಹೋಗಿ, ಹೊದಿಕೆ ಸರಿಸಿ, ಪ್ರತಿಯೊಂದು ನಳಿಗೆಯ ಮೇಲೆ ಬೆರಳಾಡಿಸಿ ನೋಡಿದ ಮೇಲೆಯೇ ಅವಳನ್ನು ಬಿಡುತ್ತಿದ್ದೆ. “ಎಲ್ಲ ಸ್ಟೇಬಲ್ ಉಂಟು, ನಾನು ಹೋಗ್ತೇನೆ” ಎನ್ನುವವಳನ್ನು ಕಂಡರೆ ನನಗೇ ಆಗುತ್ತಿರಲಿಲ್ಲ. ಈ ಮುದುಕರ ಮನೆಗೆ ಮಾತ್ರ ನಾನು ನೆಂಟರ ಮನೆಗೆ ಹೋದಂತೆ ಹೋಗಿದ್ದೆ.

ಮರುದಿನ ಒಂದು ಮೆಟ್ರೋ ಮೊದಲೇ ಹಿಡಿದೆ. ಕೋಣೆಗೆ ಹೋಗಿ, ಮೊದಲು ಆ ಅಮ್ಮನಿಗೆ ಗುಡ್ ಮಾರ್ನಿಂಗ್ ಹೇಳಿ, ಕೈ ತೊಳೆದು, ಮಾತಿಲ್ಲದೆ ಶುರುಮಾಡಿದೆ. ನಳಿಗೆ ಜಾರದೆ ಗುರುತಿನಲ್ಲೇ ಇದೆಯೇ, ಕಫ ಎಳೆಯುವ ಮೆಷಿನ್ ಎಳೆಯುತ್ತದೆಯೇ, ಮಂಚದ ಬ್ರೇಕ್ ಬಿದ್ದಿದೆಯೇ, ಹಿಮ್ಮಡಿ ಬೆಚ್ಚಗಿದೆಯೇ. ಕಮಾಂಡರ್ ಕೂತಲ್ಲಿಂದಲೇ ನೋಡುತ್ತಿದ್ದರು. “ಸ್ವಲ್ಪ ಹಿಡಿಯಿರಿ ಸರ್” ಎಂದೆ. ಇಬ್ಬರೂ ಸೇರಿ ಅಮ್ಮನನ್ನು ಮಗ್ಗುಲಿಗೆ ತಿರುಗಿಸಿದೆವು. ಬೆನ್ನಿನ ಕೆಳಗೆ, ಮೂಳೆಯ ಮೇಲೆ, ಒಂದು ಕೆಂಪು ಕಲೆ. ಬೆರಳಿಟ್ಟು ಒತ್ತಿದೆ, ಕೆಂಪು ಹೋಗಲಿಲ್ಲ. ಹುಣ್ಣಾಗುವ ಮೊದಲಿನ ಗುರುತು ಅದು. ಗಾಳಿ ಹಾಸಿಗೆಯ ಕೊಳವೆ ಮಂಚದ ಕಾಲಿಗೆ ಸಿಕ್ಕಿ ಮಡಚಿಕೊಂಡಿತ್ತು, ಅಲ್ಲಿ ಗಾಳಿಯೇ ಇರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. “ಇದು ನನಗೆ ಕಾಣಲಿಲ್ಲ.”

“ನೀವು ಕೂತ ಕಡೆಯಿಂದ ಕಾಣುದಿಲ್ಲ ಸರ್. ಅದಕ್ಕೇ ಇನ್ನೊಬ್ರು ಬೇಕು ಅಂತ ಹೇಳುದು.”

ಕೊಳವೆ ಸರಿಮಾಡಿ, ಅಮ್ಮನ ಬೆನ್ನಿಗೆ ದಿಂಬು ಕೊಟ್ಟು, ಅವರ ಎದುರು ಬಂದು ನಿಂತೆ. “ನೋಡಿ ಆಯ್ತು ಸರ್. ನಾನು ವಹಿಸಿಕೊಂಡೆ.”

ಆ ಮನುಷ್ಯ ಎದ್ದು ನಿಂತರು. ರಾತ್ರಿ ಅಮ್ಮ ಎಷ್ಟು ಕೆಮ್ಮಿದರು, ಎಷ್ಟು ಊಟ ಹೋಯಿತು, ಎಷ್ಟು ಮೂತ್ರವಾಯಿತು, ಯಾವಾಗ ಮಗ್ಗುಲು ಬದಲಾಯಿಸಿದ್ದು, ಎಲ್ಲವನ್ನೂ ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದರು. “ಪಾಳಿ ನಿಮ್ಮದು ಸಿಸ್ಟರ್” ಎಂದು ಬಾಗಿಲು ದಾಟಿದರು. ಮಧ್ಯಾಹ್ನ ಮಗಳು ಗಾಬರಿಯಿಂದ ನನ್ನ ಫೋನಿಗೆ ಕರೆ ಮಾಡಿದರು, ಡ್ಯಾಡ್ ಫೋನ್ ಎತ್ತುತ್ತಿಲ್ಲ ಎಂದು.

“ಗೊರಕೆ ಹೊಡೀತಾ ಇದ್ದಾರೆ ಮೇಡಂ. ಇಲ್ಲಿವರೆಗೆ ಕೇಳ್ತದೆ.”



ಅಂದಿನಿಂದ ನಾವು ದೋಸ್ತಿಗಳು. ಮಧ್ಯಾಹ್ನ ಎದ್ದು ಬಂದು ನಾನು ಹಾಲಿನಲ್ಲಿ ಕುದಿಸಿದ ಕರಕ್ ಚಹಾ ಕುಡಿಯುತ್ತ ಹಳೆಯ ಕತೆ ಹೇಳುತ್ತಿದ್ದರು. ನನಗೆ ಹಡಗೆಂದರೆ ಮಲ್ಪೆಯ ಬೋಟು. ಅವರದು ಬೇರೆಯೇ ಲೋಕ. ಹದಿನೆಂಟಕ್ಕೆ ನೌಕಾದಳ ಸೇರಿದಾಗ ಎಂಜಿನಿಯರುಗಳ ತೋಳಿನ ಚಿನ್ನದ ಪಟ್ಟಿಗಳ ನಡುವೆ ನೇರಳೆ ಬಟ್ಟೆ ಇರುತ್ತಿತ್ತಂತೆ. ಮೇಲೆ ಡೆಕ್ಕಿನಲ್ಲಿ ಗಾಳಿ ತಿನ್ನುವ ಅಧಿಕಾರಿಗಳಿಗೆ ದೂರದಿಂದಲೇ ಗೊತ್ತಾಗಬೇಕು, ಇವನು ಕೆಳಗಿನ ಎಣ್ಣೆ ಕೈಯವನು, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಮೊದಲು ಯೋಚಿಸಬೇಕು ಎಂದು. “ಬೇಗನೇ ತೆಗೆದುಬಿಟ್ಟರು ಆ ಬಟ್ಟೆಯನ್ನು. ಆದರೆ ಅವರ ಕಣ್ಣಿನಿಂದ ಹೋಗಲು ತುಂಬ ಕಾಲ ಹಿಡಿಯಿತು” ಎಂದು ನಕ್ಕರು. ಡಾಕ್ಟರುಗಳ ನಡುವೆ ಕೆಲಸ ಮಾಡಿದ ನರ್ಸಿಗೆ ಇದನ್ನು ಬಿಡಿಸಿ ಹೇಳಬೇಕೇ?

ಈ ಕೊಲ್ಲಿಗೆ ಅವರು ಮೊದಲು ಬಂದದ್ದು ದುಬೈ ಎಂದರೆ ಒಂದು ಅಳಿವೆ, ಗಾಳಿ ಹಿಡಿಯುವ ಗೋಪುರದ ನಾಲ್ಕು ಮನೆ, ಒಂದಿಷ್ಟು ದೋಣಿ ಅಷ್ಟೇ ಇದ್ದಾಗ. ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು. ಜುಲೈ ತಿಂಗಳ ಬಿಸಿಲಿನಲ್ಲಿ ಕಬ್ಬಿಣದ ಹಡಗು, ಅದರ ಹೊಟ್ಟೆಯಲ್ಲಿ ಉರಿಯುವ ಬಾಯ್ಲರುಗಳು. ಕೆಳಗಿನವರು ಉಪ್ಪಿನ ಗುಳಿಗೆ ನುಂಗಿ, ನಿಂಬೆ ಶರಬತ್ತು ಕುಡಿದು, ಬಟ್ಟೆ ಹಿಂಡಿ ಹಿಂಡಿ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಏಣಿಯ ಕಂಬಿ ಬರಿಗೈಯಲ್ಲಿ ಮುಟ್ಟುವ ಹಾಗಿರಲಿಲ್ಲ. “ಆದರೂ ನನಗೆ ಅದೇ ಬೇಕಿತ್ತು. ಹಬೆಯ ಎಂಜಿನ್ನಿಗೆ ಜೀವ ಇದೆ. ಅದರ ಸದ್ದು ಬದಲಾದರೆ ನಿದ್ದೆಯಲ್ಲೂ ಎಚ್ಚರವಾಗುತ್ತಿತ್ತು” ಎನ್ನುತ್ತಿದ್ದರು. ಆಮೇಲೆ ಗುಂಡಿ ಒತ್ತಿದರೆ ಓಡುವ ಹೊಸ ಎಂಜಿನ್ನುಗಳು ಬಂದವು. ಅವರ ಕೊನೆಯ ಹಡಗನ್ನು ಗುಜರಿಗೆ ಕಳಿಸುವ ಮೊದಲು ಬಾಯ್ಲರುಗಳ ಬೆಂಕಿ ಆರಿಸಿದ್ದು ಅವರೇ. ಅಲ್ಲಿಂದ ದುಬೈಗೆ ಬಂದು, ಹಳೆಯ ಹಬೆ ಟ್ಯಾಂಕರುಗಳು ರಿಪೇರಿಗೆ ಬರುತ್ತಿದ್ದ ಒಂದು ಹಡಗುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಯ ಫಿಟ್ಟರುಗಳಿಂದ ಕಲಿತ ಹಿಂದಿ-ಅರಬ್ಬಿ ಬೆರಕೆಯಲ್ಲಿ ನನಗೆ ಆಗಾಗ “ಚಲೋ ಚಲೋ, ಯಲ್ಲಾ” ಎನ್ನುತ್ತಿದ್ದರು.

ಅಷ್ಟೂ ವರ್ಷ ಹೆಂಡತಿ ಎಲ್ಲಿ? ಇಂಗ್ಲೆಂಡಿನ ಬಂದರು ಊರಿನಲ್ಲಿ, ಮಗಳನ್ನು ಒಬ್ಬರೇ ಸಾಕಿಕೊಂಡು. ಅವರೂ ದುಬೈಗೆ ಬಂದ ಮೇಲೂ ಇವರು ಬೆಳಿಗ್ಗೆ ಹೋದರೆ ರಾತ್ರಿ. “ಅವಳು ನನಗಾಗಿ ಕಾದಷ್ಟು ಹಡಗಿನವರಾರೂ ಪಾಳಿ ಕಾದಿಲ್ಲ” ಎಂದು ಒಂದು ದಿನ ತಾವಾಗಿಯೇ ಹೇಳಿದರು. ನಾನು ಚಹಾದ ಲೋಟ ತೊಳೆಯಲು ಎದ್ದುಹೋದೆ. ಗಂಡಸರು ಅಂಥ ಮಾತು ಆಡಿದರೆ ನನಗೆ ಕಣ್ಣು ತುಂಬುತ್ತದೆ, ಅದನ್ನು ಯಾರಿಗೂ ತೋರಿಸಲು ನನಗೆ ಇಷ್ಟವಿಲ್ಲ.

ಮುಂಚಿನ ನರ್ಸುಗಳನ್ನು ಯಾಕೆ ಓಡಿಸಿದಿರಿ ಎಂದು ಕೇಳಿದಾಗ ಅವರು ಗೇಜ್ ಗ್ಲಾಸಿನ ವಿಷಯ ಹೇಳಿದರು. ಬಾಯ್ಲರಿನ ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಅದು. ನೀರು ಮಧ್ಯದಲ್ಲಿದ್ದರೆ ಗೆರೆ ಕಾಣುತ್ತದೆ. ಪೂರ್ತಿ ತುಂಬಿದ್ದರೆ ಗೆರೆಯಿಲ್ಲ, ಪೂರ್ತಿ ಖಾಲಿಯಾದರೂ ಗೆರೆಯಿಲ್ಲ. ನೋಡಲು ಎರಡೂ ಒಂದೇ. ಹಾಗಾಗಿ ಪಾಳಿಗೆ ಬಂದವನು ಮೊದಲು ಗಾಜಿನ ಕೆಳಗಿನ ನಲ್ಲಿ ತಿರುಗಿಸಿ, ನೀರು ಹೊರಗೆ ಬರುವುದನ್ನು ಕಣ್ಣಾರೆ ಕಾಣಬೇಕು. ಅಲ್ಲಿಯವರೆಗೆ ಹೋಗುವವನು ಹೋಗುವ ಹಾಗಿಲ್ಲ.

“ಒಂದು ಸಲ ನನ್ನ ಗೆಳೆಯನೇ ಪಾಳಿ ಬದಲಿಸಲು ಬಂದ. ‘ಎಲ್ಲ ಸರಿ ಇದೆ ತಾನೇ, ನಡಿ ನಡಿ, ನಿನ್ನ ಊಟ ಆರುತ್ತದೆ’ ಎಂದ. ನಾನು ಏಣಿ ಹತ್ತಿದೆ. ಆ ಗಡಿಬಿಡಿಯ ಹೊತ್ತಿಗೇ ನೀರು ಕೊಡುವ ಪಂಪು ಕೈಕೊಟ್ಟಿತ್ತು. ಗಾಜಿನಲ್ಲಿ ಗೆರೆ ಕಾಣಲಿಲ್ಲ, ತುಂಬಿದೆ ಎಂದುಕೊಂಡ. ಖಾಲಿಯಾಗಿತ್ತು.” ಅವರು ಲೋಟ ಕೆಳಗಿಟ್ಟರು. “ಒಳಗಿನ ಕೊಳವೆಗಳು ಒಡೆದವು. ಹಬೆ ಅವನ ಮೇಲೇ ಬಂತು. ನನ್ನ ಊಟ ಬಿಸಿಯಾಗಿಯೇ ಇತ್ತು ಸಿಸ್ಟರ್.”

ಮನೆಯ ಮೇಲೆ ವಿಮಾನ ಹೋಗುವ ಸದ್ದಿಗೆ ಕಿಟಕಿ ಅದುರಿತು. ಅವರು ಎದ್ದು ಹೋಗಿ ಹೆಂಡತಿಯ ಹೊದಿಕೆ ಸರಿಮಾಡಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಅವರಲ್ಲಿ ಏನೋ ಬದಲಾಯಿತು. ನನಗೆ ಪಾಳಿ ಕೊಟ್ಟರೂ ಮಲಗಲು ಹೋಗುತ್ತಿರಲಿಲ್ಲ, ಹಾಲ್‌ನ ಸೋಫಾದಲ್ಲಿ ಕೂತೇ ನಿದ್ದೆ. ಬೂಟು ಬಿಟ್ಟು ಚಪ್ಪಲಿ ಹಾಕತೊಡಗಿದರು. ಅಡುಗೆಮನೆಯಿಂದ ಕೋಣೆಗೆ ಬರುವಷ್ಟರಲ್ಲಿ ಮಾತು ತುಂಡಾಗುತ್ತಿತ್ತು. ಕೇಳಿದರೆ, “ಪರ್ಫೆಕ್ಟ್ಲಿ ಆಲ್‌ರೈಟ್.” ಮಗಳು ಫೋನಿನಲ್ಲಿ ಕೇಳಿದರೂ ಅದೇ. ಮಗಳು ಓಕೆ ಓಕೆ ಎಂದು ಫೋನ್ ಇಡುತ್ತಿದ್ದರು.

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಅವರ ಎದುರು ನೆಲದ ಮೇಲೆ ಕೂತು, “ಸರ್, ಗಾಜಿನಲ್ಲಿ ಗೆರೆ ಕಾಣುದಿಲ್ಲ. ತುಂಬಿದೆಯಾ, ಖಾಲಿಯಾ?” ಎಂದೆ.

“ಸಿಸ್ಟರ್, ನೀವು ನಿಮ್ಮ ಕೆಲಸ—”

“ಕಾಲು ತೋರಿಸಿ.”

ಗುರುವಿಗೇ ತಿರುಮಂತ್ರ ಹಾಕಿದ್ದೆ. ಪ್ಯಾಂಟನ್ನು ತಾವೇ ಮೇಲೆತ್ತಿದರು. ಮೊಣಕಾಲಿನವರೆಗೆ ಬಾವು. ಹೆಬ್ಬೆರಳಿಟ್ಟು ಒತ್ತಿ ತೆಗೆದೆ, ಹಿಟ್ಟಿನಲ್ಲಿ ಒತ್ತಿದ ಹಾಗೆ ಕುಳಿ ಉಳಿಯಿತು. ಹೃದಯ ಸೋತು ನೀರು ತುಂಬಿಕೊಂಡಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೇ ಕೂತು ನಿದ್ದೆ ಮಾಡುತ್ತಿದ್ದರು. “ಎಷ್ಟು ದಿನದಿಂದ?” ಎಂದೆ. “ಮಗಳಿಗೆ ಹೇಳಬೇಡಿ” ಎಂದರು. “ಹೇಳಿದರೆ ನಮ್ಮನ್ನು ಬೇರೆ ಬೇರೆ ಮಾಡುತ್ತಾಳೆ.”

ಇಂಗ್ಲೆಂಡಿಗೆ ಕಳಿಸುವ ಮಾತು ಅವರಿಗೂ ಗೊತ್ತಿತ್ತು. ನನಗೆ ಆ ಕ್ಷಣ ಆ ಮುದುಕರ ಮೇಲೆ ಎಷ್ಟು ಪ್ರೀತಿ ಬಂತೋ ಅಷ್ಟೇ ಸಿಟ್ಟೂ ಬಂತು. “ಹೇಳದೆ ಇದ್ದು ಇದೇ ಕುರ್ಚಿಯಲ್ಲಿ ಸತ್ರೆ ಅಮ್ಮನಿಗೆ ಯಾರು ಸರ್? ಅವ್ರ ಕಣ್ಣೆದುರೇ ಸಾಯುದಾ? ಕೂಗ್ಲಿಕ್ಕೂ ಅವ್ರಿಗೆ ಬಾಯಿ ಇಲ್ಲ!” ಎಂದು ಕಿರುಚಿಬಿಟ್ಟೆ. ಅಂಥ ಮಾತು ಬಾಯಿಗೆ ಬರಬಾರದಿತ್ತು ಎನ್ನುವುದು ನಿಜ, ಆದರೆ ಬಂದದ್ದು ಒಳ್ಳೆಯದೇ ಆಯಿತು. ಅವರು ಕಣ್ಣು ಮುಚ್ಚಿ, ಫೋನ್ ಮಾಡಿ ಎಂದು ಕೈಸನ್ನೆ ಮಾಡಿದರು.

ಮಗಳು ಬರುವಾಗ ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗುತ್ತಿತ್ತು. ಆಂಬುಲೆನ್ಸ್ ಗೇಟಿನ ಎದುರು ನಿಂತಿತ್ತು. ಕಮಾಂಡರ್ ಮಾತ್ರ ಕುರ್ಚಿಯಲ್ಲೇ. ರಾತ್ರಿಯ ಪಾಳಿ ಯಾರದು ಎಂದು ಗೊತ್ತಾಗದೆ ಏಳುವುದಿಲ್ಲ ಎಂದರು.

“ನಾನಿದ್ದೇನೆ ಡ್ಯಾಡ್! ದಯವಿಟ್ಟು ಏಳಿ!”

ಅವರು ಏಳಲಿಲ್ಲ. ನಾನು ಮಗಳ ಕಿವಿಯಲ್ಲಿ, “ಹಾಗೆ ಹೇಳಿದ್ರೆ ಆಗುದಿಲ್ಲ ಮೇಡಂ. ನೋಡಿ ವಹಿಸಿಕೊಳ್ಳಬೇಕು” ಎಂದೆ. ಒಂದೊಂದಾಗಿ ತೋರಿಸಿದೆ. ಆಫೀಸಿನ ಕೋಟಿನಲ್ಲೇ ಅವರು ನಳಿಗೆ ಮುಟ್ಟಿದರು, ಹಾಸಿಗೆಯ ಕೊಳವೆ ನೋಡಿದರು, ಮೆಷಿನ್ ಹಚ್ಚಿ ನಿಲ್ಲಿಸಿದರು, ತಾಯಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದರು. ಒಂದನ್ನೂ ಬಿಡಲಿಲ್ಲ. ಆಂಬುಲೆನ್ಸಿನ ಹುಡುಗರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ನೋಡಿದೆ ಡ್ಯಾಡ್. ವಹಿಸಿಕೊಂಡಿದ್ದೇನೆ.”

“ಇಲ್ಲ” ಎಂದರು ಕಮಾಂಡರ್. ಉಸಿರು ಎಳೆದುಕೊಂಡು ಹೇಳಿದರು, “ನೀನು ಅವಳ ಜೊತೆ ಮಾತಾಡಲಿಲ್ಲ.”

ನಾನು ಅಷ್ಟು ತಿಂಗಳು ಆ ಮನೆಯಲ್ಲಿದ್ದೆ. ಮಗಳು ದಿನಾ ಬಾಗಿಲಲ್ಲಿ ನಿಂತು ಅಮ್ಮ ಹೇಗಿದ್ದಾರೆ ಎಂದು ನನ್ನನ್ನೇ ಕೇಳುತ್ತಿದ್ದರು. ತಾಯಿಯ ಜೊತೆ ಒಂದು ಮಾತೂ ಆಡಿದ್ದು ನಾನು ಕೇಳಿರಲಿಲ್ಲ. ಉತ್ತರ ಬರದ ಮಾತಿಗೆ ಹೆದರುತ್ತಿದ್ದರು ಎಂದು ಕಾಣುತ್ತದೆ. ಆಗ ಅವರು ಮಂಚದ ಪಕ್ಕ ಮೊಣಕಾಲೂರಿ ಕೂತು, “ಮಮ್” ಎಂದರು. ಆಮೇಲೆ ಬರೀ ಅಳು. ಅಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ಎಡಗೈ ಎತ್ತಿ ಮಗಳ ಕೂದಲಿನೊಳಗೆ ಬೆರಳು ಹಾಕಿದರು.

ಕಮಾಂಡರ್ ಕುರ್ಚಿ ಬಿಟ್ಟು ಎದ್ದರು.

ಆಸ್ಪತ್ರೆಯಿಂದ ಅವರು ಮನೆಗೆ ಬಂದದ್ದು ಎರಡು ವಾರ ಕಳೆದು. ನೀರು ಇಳಿದು, ಅಂಗಿ ಎರಡು ಅಳತೆ ದೊಡ್ಡದಾದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಮಗಳು ಮನೆಯಿಂದಲೇ ಕೆಲಸ ಮಾಡುವಂತೆ ಆಫೀಸಿನಲ್ಲಿ ಒಪ್ಪಿಸಿದ್ದರು, ರಾತ್ರಿಗೂ ಒಬ್ಬ ನರ್ಸನ್ನು ಗೊತ್ತುಮಾಡಿದ್ದರು. ಇಂಗ್ಲೆಂಡಿನ ಮಾತು ನಿಂತೇಹೋಗಿತ್ತು. ಕುರ್ಚಿಯಲ್ಲಿ ಮಗಳೇ ಕೂತು, ತಾಯಿಗೆ ಆಫೀಸಿನ ಜಗಳಗಳನ್ನೆಲ್ಲ ಹೇಳುತ್ತಿದ್ದರು. ಕಮಾಂಡರ್ ವಾಕರ್ ಹಿಡಿದು ಒಳಗೆ ಬಂದವರೇ ನಳಿಗೆ ನೋಡಿದರು, ಕೊಳವೆ ನೋಡಿದರು, ಹಿಮ್ಮಡಿ ಮುಟ್ಟಿದರು. “ನೋಡಿದೆ. ವಹಿಸಿಕೊಳ್ಳುತ್ತೇನೆ. ನೀನು ಏಳು.”

ಮಗಳು ಏಳಲಿಲ್ಲ. “ಡ್ಯಾಡ್, ಕಾಯಿಲೆ ಬಿದ್ದವನ ಕೈಗೆ ಪಾಳಿ ಕೊಡುವ ಕ್ರಮ ನಿಮ್ಮ ಹಡಗಿನಲ್ಲಿ ಇತ್ತಾ?”

ಹಡಗಿನ ವಿಷಯದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. “ಇರಲಿಲ್ಲ” ಎಂದರು.

“ಹಾಗಾದರೆ ನಾನು ಕೊಡುವುದಿಲ್ಲ.”

“ಮತ್ತೆ ನಾನು ಏನು ಮಾಡಲಿ?” ಅದನ್ನು ಅವರು ನಿಜವಾಗಿಯೂ ಕೇಳಿದರು, ಶಾಲೆಗೆ ಮೊದಲ ದಿನ ಬಂದ ಮಗುವಿನ ಹಾಗೆ.

“ಏನೂ ಮಾಡಬೇಡಿ. ಅಮ್ಮನ ಹತ್ತಿರ ಕೂತುಕೊಳ್ಳಿ.”

ನಾನು ಹಾಲ್‌ನಿಂದ ಮೆತ್ತನೆಯ ಕುರ್ಚಿಯೊಂದನ್ನು ತಂದು ಮಂಚದ ಆ ಬದಿಗೆ, ಅಮ್ಮನ ಎಡಗೈಯ ಕಡೆಗೆ ಹಾಕಿದೆ. ಅವರು ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡರು. ನಳಿಗೆ, ಹಾಸಿಗೆ, ಮೆಷಿನ್ ಬಿಟ್ಟು ಅವರು ಹೆಂಡತಿಯ ಮುಖವನ್ನೇ ನೋಡುತ್ತ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ನಾವಿಬ್ಬರೂ ಅಡುಗೆಮನೆಗೆ ಬಂದು ಬಾಗಿಲು ಎಳೆದುಕೊಂಡೆವು. ಸ್ವಲ್ಪ ಹೊತ್ತಿನಲ್ಲಿ ಕೋಣೆಯಿಂದ ಅಳು ಕೇಳಿಸಿತು, ಗಂಡಸರು ಎದೆಯೊಳಗಿಂದ ಅಳುವಂಥ ಅಳು. ಮಗಳು ಗಾಬರಿಯಾಗಿ ಎದ್ದರು. ನಾನು ಅವರ ಕೈ ಹಿಡಿದು ಕೂರಿಸಿದೆ.

“ಅಳ್ಲಿ ಬಿಡಿ ಮೇಡಂ. ಅವ್ರಿಗೀಗ ಡ್ಯೂಟಿ ಇಲ್ಲ.”